ಬಂಡವಾಳ ಬತ್ತಿದಾಗ: ಕೋಲಾರದ ಚಿನ್ನದ ಗಣಿಗಳ ಇತಿಹಾಸದಲ್ಲಿ ಒಂದು ಪ್ರಶ್ನೆ

ಚಿನ್ನದ ಗಣಿಯ ಕಂಪೆನಿಯೊಂದು ಕಷ್ಟಕ್ಕೆ ಸಿಕ್ಕಿದೆಯೆಂದು ಭಾವಿಸೋಣ. ಕೂಡಿಸಿದ ಬಂಡವಾಳ ಮುಗಿಯುತ್ತ ಬಂದಿದೆ. ಚಿನ್ನವು ಇನ್ನೂ ಕಂಡಿಲ್ಲ, ಇಲ್ಲವೆ ಕಂಡ ಚಿನ್ನವು ವೆಚ್ಚಕ್ಕೆ ಸಾಲದು. ಆಗ ಅದರ ಒಡೆಯರ ಮುಂದೆ ಮೂರು ದಾರಿಗಳಿರುತ್ತವೆ. ಇರುವ ಆಸ್ತಿಯಲ್ಲಿ ಒಂದು ಭಾಗವನ್ನು ಮಾರಿ ಉಳಿದುದನ್ನು ನಡೆಸುವುದು ಒಂದು. ಹೊಸ ಪಾಲುಗಳನ್ನು ಹೊರಡಿಸಿ ಹಣ ಬೇಡುವುದು ಇನ್ನೊಂದು. ಉಳಿದ ಹಣವನ್ನು ಹಂಚಿಕೊಂಡು ಬಾಗಿಲು ಮುಚ್ಚುವುದು ಮೂರನೆಯದು. ಷೇರುಪೇಟೆಯ ಸದ್ದನ್ನು ದಿನವೂ ಕೇಳುವ ಈ ಮುಂಬಯಿಯ ವಾಚಕರಿಗೆ ಇದು ಕೇವಲ ಲೆಕ್ಕಪತ್ರದ ಪ್ರಶ್ನೆಯಾಗಿ ತೋರಬಹುದು. ಆದರೆ ನಮ್ಮ ನಾಡಿನ ಒಂದು ಊರು ಹುಟ್ಟಿದುದೂ, ನೂರಿಪ್ಪತ್ತು ವರ್ಷ ಬಾಳಿದುದೂ, ಕೊನೆಗೆ ಬರಿದಾದುದೂ ಈ ಪ್ರಶ್ನೆಗೆ ದೊರೆತ ಉತ್ತರಗಳಿಂದಲೇ. ಕೋಲಾರದ ಗಣಿಗಳ ಕಥೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೋಲಾರದ ಚಿನ್ನವನ್ನು ಇಂಗ್ಲಿಷರು ಮೊದಲು ಕಂಡುಹಿಡಿದರೆಂಬುದು ಸರಿಯಲ್ಲ. 1802ರಲ್ಲಿ ಸರ್ವೇಕ್ಷಣೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ನನು ಉರಿಗಾಂ, ಮಾರಿಕುಪ್ಪಂ ಹಳ್ಳಿಗಳ ಜನರು ಮಣ್ಣನ್ನೂ ಕಲ್ಲನ್ನೂ ತೊಳೆದು, ಕುಟ್ಟಿ ಚಿನ್ನ ತೆಗೆಯುತ್ತಿದ್ದುದನ್ನು ವರದಿ ಮಾಡಿದನು. ಅವರಿಗಿಂತಲೂ ಬಹುಪೂರ್ವದಲ್ಲಿ ಅಜ್ಞಾತರಾದ ಯಾರೋ ಬೆಣಚುಕಲ್ಲಿನ ಪಟ್ಟೆಯನ್ನು ಅನುಸರಿಸಿ ಆಳಕ್ಕೆ ತೋಡಿ ಹೋಗಿದ್ದರು. ಈ ಹಳೆಯ ತೋಡುಗಳು ನಮ್ಮ ಕಥೆಯಲ್ಲಿ ಮುಂದೆ ಮುಖ್ಯವಾಗಿ ಬರುವುವು.

ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲಸಿದ್ದ ಐರಿಷ್ ಸೈನಿಕ ಮೈಕೇಲ್ ಲಾವೆಲ್ 1873ರಲ್ಲಿ ಗಣಿಯ ಹಕ್ಕಿಗಾಗಿ ಮೈಸೂರು ಸರಕಾರಕ್ಕೆ ಅರ್ಜಿ ಹಾಕಿದನು. ಬೆಂಗಳೂರಿನ ಲಾವೆಲ್ ರಸ್ತೆ ಈತನ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಹಕ್ಕು ದೊರೆತ ಮೇಲೆ ಅಗೆಯತೊಡಗಿದ ಲಾವೆಲ್ಲನಿಗೆ ಒಂದು ಸತ್ಯ ಬೇಗನೆ ಗೋಚರವಾಯಿತು: ಚಿನ್ನ ತೆಗೆಯಲು ಮೊದಲು ಚಿನ್ನವೇ ಬೇಕು! ಅಷ್ಟು ಬಂಡವಾಳ ತನ್ನಲ್ಲಿಲ್ಲವೆಂದು ಅರಿತು ಅವನು ತನ್ನ ಹಕ್ಕನ್ನು ಜನರಲ್ ಬೆರೆಸ್‌ಫರ್ಡ್ ಮೊದಲಾದವರಿಗೆ ವರ್ಗಾಯಿಸಿದನು. ಕೋಲಾರದ ಆಧುನಿಕ ಗಣಿಗಾರಿಕೆಯ ಮೊದಲನೆಯ ಅಧ್ಯಾಯವೇ, ಹೀಗೆ, ಹಣವಿಲ್ಲದೆ ಆಸ್ತಿಯನ್ನು ಕೈಬಿಟ್ಟವನ ಅಧ್ಯಾಯ.

ಹೊಸ ಒಡೆಯರು ನೆಲವನ್ನು ತುಂಡು ತುಂಡಾಗಿ ವಿಂಗಡಿಸಿ ಲಂಡನ್ನಿನಲ್ಲಿ ಹುಟ್ಟಿದ ಕಂಪೆನಿಗಳಿಗೆ ಕೊಟ್ಟರು. ಮೈಸೂರು, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಮುಂತಾದ ಹೆಸರುಗಳು ಹೀಗೆ ಬಂದುವು. ಅದೇ ಕಾಲಕ್ಕೆ, ಎಂದರೆ 1880ರ ಸುಮಾರಿಗೆ, ವೈನಾಡಿನಲ್ಲಿಯೂ ಚಿನ್ನದ ಹುಚ್ಚು ಹರಡಿತ್ತು. ಅಲ್ಲಿ ಹತ್ತಾರು ಕಂಪೆನಿಗಳು ಒಮ್ಮೆಗೇ ಎದ್ದುವು. ಸಾರ್ವಜನಿಕರಿಂದ ಕೂಡಿಸಿದ ಹಣದ ದೊಡ್ಡ ಪಾಲು ಭೂಮಿ ಮಾರಿದವರ ಕೈ ಸೇರಿತು; ಅಗೆಯುವುದಕ್ಕೆ ಉಳಿದುದು ಅಲ್ಪ. ಕೆಲವೇ ವರ್ಷಗಳಲ್ಲಿ ಆ ಕಂಪೆನಿಗಳು ಮುಳುಗಿ, ಕಾಡಿನಲ್ಲಿ ತುಕ್ಕು ಹಿಡಿದ ಯಂತ್ರಗಳು ಮಾತ್ರ ನಿಂತುವು. ಗಣಿಯ ನೆಲವನ್ನು ಮಾರುವುದರಿಂದ ಲಾಭ ಹೊಂದುವವನು ಯಾರೆಂಬುದಕ್ಕೆ ಇದು ಮೊದಲ ನಿದರ್ಶನ. ಮಾರಿದವನಿಗೆ ಹಣ ನಿಶ್ಚಿತವಾಗಿ ಬರುತ್ತದೆ. ಕೊಂಡವನಿಗೆ ಆಸೆಯೊಂದೇ ದಕ್ಕುತ್ತದೆ.

ಕೋಲಾರಕ್ಕೂ ಅದೇ ಗತಿ ಒದಗುವಂತಿತ್ತು. 1883ರ ವೇಳೆಗೆ ಮೈಸೂರು ಕಂಪೆನಿಯ ಬೊಕ್ಕಸದಲ್ಲಿ ಉಳಿದಿದ್ದುದು ಸುಮಾರು 13,000 ಪೌಂಡು. ಅದನ್ನು ಹಂಚಿಕೊಂಡು ಕಂಪೆನಿಯನ್ನು ಮುಚ್ಚುವುದೇ ಲೇಸೆಂಬ ಅಭಿಪ್ರಾಯ ಪಾಲುದಾರರಲ್ಲಿ ಬಲವಾಗಿತ್ತು. ಗಣಿಯ ಮೇಲ್ವಿಚಾರಣೆ ವಹಿಸಿದ್ದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಇದಕ್ಕೆ ಒಪ್ಪಲಿಲ್ಲ. ಉಳಿದ ಹಣವನ್ನೂ ನೆಲಕ್ಕೇ ಹಾಕಬೇಕೆಂದು ಅವರು ಪಾಲುದಾರರ ಮನವೊಲಿಸಿದರು. ಕ್ಯಾಪ್ಟನ್ ಪ್ಲಮರನು ಹಳೆಯ ತೋಡುಗಳ ಜಾಡನ್ನು ಹಿಡಿದು ಕೆಳಕ್ಕೆ ಇಳಿದನು. ಅಲ್ಲಿ ದೊರೆತುದೇ ಮುಂದೆ ಲೋಕವಿಖ್ಯಾತವಾದ ಚಾಂಪಿಯನ್ ಪಟ್ಟೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಧೈರ್ಯದ ವಿಜಯವೆಂದು ಹೇಳುವುದುಂಟು. ಆದರೆ ಇಷ್ಟಕ್ಕೇ ನಿಂತರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ವೈನಾಡಿನವರಿಗೂ ಧೈರ್ಯವಿತ್ತು, ಅಲ್ಲಿಯೂ ಕೊನೆಯ ಹಣವನ್ನು ನೆಲಕ್ಕೆ ಹಾಕಿದವರುಂಟು, ಅವರಿಗೆ ನೆಲ ಏನನ್ನೂ ಹಿಂದಿರುಗಿಸಲಿಲ್ಲ. ಗೆದ್ದವನನ್ನು ಮಾತ್ರ ನೆನೆದು ಅವನ ನಡೆಯನ್ನು ನಿಯಮವಾಗಿ ಮಾಡಲಾಗದು. ಕೋಲಾರದಲ್ಲಿ ಭೇದವಿದ್ದುದು ಸಾಕ್ಷ್ಯದಲ್ಲಿ. ಪೂರ್ವಿಕರು ಬರಿಯ ಉಳಿಸುತ್ತಿಗೆಗಳಿಂದ ಅಷ್ಟು ಆಳ ಹೋಗಿದ್ದರೆ ಅದು ಸುಮ್ಮನೆ ಅಲ್ಲ. ಅವರನ್ನು ತಡೆದದ್ದು ಚಿನ್ನದ ಅಭಾವವಲ್ಲ, ನೀರೂ ಆಳವೂ ಇದ್ದಿರಬೇಕೆಂಬ ಅನುಮಾನಕ್ಕೆ ಆಧಾರವಿತ್ತು. ಕೊನೆಯ ಹಣವನ್ನು ತೊಡಗಿಸುವುದು ಸಾಹಸವೋ ಜೂಜೋ ಎಂಬುದನ್ನು ನಿರ್ಣಯಿಸುವುದು ನೆಲದ ಜ್ಞಾನವೇ ಹೊರತು ಎದೆಗಾರಿಕೆಯಲ್ಲ.

ಎರಡನೆಯ ದಾರಿಯ ಪರೀಕ್ಷೆ ನಡೆದುದು ನೆರೆಯ ಉರಿಗಾಂ ಕಂಪೆನಿಯಲ್ಲಿ. 1885ರಲ್ಲಿ ಅದರ ಸ್ಥಿತಿ ಶೋಚನೀಯವಾಗಿತ್ತು. ಒಂದು ಪೌಂಡಿನ, ಎಂದರೆ ಇಪ್ಪತ್ತು ಷಿಲಿಂಗಿನ ಪಾಲು ಪೇಟೆಯಲ್ಲಿ ಎರಡೂವರೆ ಷಿಲಿಂಗಿಗೆ ಇಳಿದಿತ್ತು. ಹೀಗಿರುವಲ್ಲಿ ಪೂರ್ಣ ಬೆಲೆ ತೆತ್ತು ಹೊಸ ಪಾಲನ್ನು ಕೊಳ್ಳುವವರು ಯಾರು? ಆಡಳಿತದವರು ಒಂದು ಉಪಾಯ ಮಾಡಿದರು. ಒಂದೊಂದು ಪೌಂಡಿನ ವಿಶೇಷ ಹಕ್ಕಿನ ಪಾಲುಗಳನ್ನು ಹೊರಡಿಸಿ, ಅದರಲ್ಲಿ ಹದಿನೈದು ಷಿಲಿಂಗು ಸಂದಿದೆಯೆಂದು ಬರೆದುಕೊಂಡು, ಐದು ಷಿಲಿಂಗು ಮಾತ್ರ ವಸೂಲು ಮಾಡಿದರು. ಹಣ ಬಂತು; ಕಂಪೆನಿ ಏಳಿಗೆ ಹೊಂದಿತು. ಏಳಿಗೆ ಹೊಂದಿದ ಮೇಲೆ ಜಗಳವೂ ಬಂತು. ರೋಪರ್ ಎಂಬ ಸಾಮಾನ್ಯ ಪಾಲುದಾರನು ಈ ಕ್ರಮವೇ ಶಾಸನವಿರುದ್ಧವೆಂದು ದಾವೆ ಹೂಡಿದನು. ಮೊಕದ್ದಮೆ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಸಭೆಯವರೆಗೆ ಹೋಗಿ 1892ರಲ್ಲಿ ತೀರ್ಮಾನವಾಯಿತು.

ಉರಿಗಾಂ ಕಂಪೆನಿಯವರ ಪ್ರಾಮಾಣಿಕತೆಯನ್ನು ನ್ಯಾಯಾಧೀಶರು ಶಂಕಿಸಲಿಲ್ಲ. ಆದರೂ ತೀರ್ಪು ಅವರಿಗೆ ಪ್ರತಿಕೂಲವಾಯಿತು. ಪಾಲಿನ ಮುಖಬೆಲೆಯಷ್ಟು ಹಣಕ್ಕೆ ಪಾಲುದಾರನು ಹೊಣೆಯೆಂಬುದು ಪರಿಮಿತ ಕಂಪೆನಿಯ ಬುನಾದಿ. ಅದನ್ನು ನಂಬಿಯೇ ಪರರು ಸಾಲ ಕೊಡುತ್ತಾರೆ. ಆದುದರಿಂದ ಪಾಲನ್ನು ವಟ್ಟಕ್ಕೆ ಮಾರಲು ಕಂಪೆನಿಗೆ ಅಧಿಕಾರವಿಲ್ಲ ಎಂಬುದು ಅದರ ಸಾರ. ಪೇಟೆಯ ದರದ ಇಮ್ಮಡಿ ತೆತ್ತು ಕಂಪೆನಿಯನ್ನು ಉಳಿಸಿದವರು ಶಾಸನದ ದೃಷ್ಟಿಯಲ್ಲಿ ಇನ್ನೂ ಹದಿನೈದು ಷಿಲಿಂಗಿನ ಬಾಕಿದಾರರಾದುದು ಇದರ ವಿಡಂಬನೆ! ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಹೆಸರು ಹೀಗೆ ಜಗತ್ತಿನ ಕಂಪೆನಿ ಶಾಸನದ ಗ್ರಂಥಗಳಲ್ಲಿ ಶಾಶ್ವತವಾಗಿ ನಿಂತಿತು. ಭಾರತದಲ್ಲಿ 1956ರ ಕಂಪೆನಿ ಶಾಸನ ವಟ್ಟದ ಪಾಲಿಗೆ ನಿರ್ಬಂಧಗಳೊಡನೆ ಅವಕಾಶವಿತ್ತಿತ್ತು. 2013ರ ಶಾಸನ ಅತ್ಯಲ್ಪ ವಿನಾಯಿತಿಯೊಡನೆ ಅದನ್ನು ನಿಷೇಧಿಸಿ, ಮತ್ತೆ ಉರಿಗಾಂ ತೀರ್ಪಿನ ಸಮೀಪಕ್ಕೇ ಬಂದಿದೆ.

ಈ ಎರಡು ಪ್ರಸಂಗಗಳಲ್ಲಿಯೂ ಗಮನಿಸತಕ್ಕ ಸಾಮಾನ್ಯ ಅಂಶವೊಂದಿದೆ. ಮೈಸೂರು ಕಂಪೆನಿ ತನ್ನ ಹಣವನ್ನು ಕಳೆದುಕೊಳ್ಳಲು ಸಿದ್ಧವಾಯಿತು. ಉರಿಗಾಂ ಕಂಪೆನಿ ತನ್ನ ಪಾಲುಗಳ ಮಾನವನ್ನು ಕಳೆದುಕೊಳ್ಳಲು ಸಿದ್ಧವಾಯಿತು. ಎರಡೂ ನೆಲವನ್ನು ಬಿಡಲಿಲ್ಲ. ಗಿರಣಿಯ ಆಸ್ತಿಗೂ ಗಣಿಯ ಆಸ್ತಿಗೂ ಇಲ್ಲಿಯೇ ವ್ಯತ್ಯಾಸ. ಗಿರಣಿಯವನು ಒಂದು ಮಗ್ಗವನ್ನು ಮಾರಿದರೆ ನಾಳೆ ಇನ್ನೊಂದನ್ನು ಕೊಳ್ಳಬಹುದು. ಗಣಿಯವನು ಅದುರಿರುವ ನೆಲವನ್ನು ಮಾರಿದರೆ ಅದಕ್ಕೆ ಪ್ರತಿಯಿಲ್ಲ. ಯಾವುದು ನೆಲದೊಳಗಿಲ್ಲವೋ ಅದನ್ನು ತಾನೇ ಹೊಂದಿರಬೇಕೆಂಬ ನಿರ್ಬಂಧವೂ ಅವನಿಗಿಲ್ಲ. ಕೋಲಾರದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಾಗ ಆ ವಿದ್ಯುದಾಗಾರ ಕಂಪೆನಿಗಳದಲ್ಲ, ಮೈಸೂರು ಸರಕಾರದ್ದು. ಕಂಪೆನಿಗಳು ಕರಾರಿನ ಮೇಲೆ ವಿದ್ಯುತ್ತನ್ನು ಕೊಂಡು ತಮ್ಮ ಬಂಡವಾಳವನ್ನು ಸುರಂಗಗಳಿಗೆ ಉಳಿಸಿಕೊಂಡುವು.

ಮೂರನೆಯ ಅಂಕ ಬೇರೆ ಒಡೆತನದಲ್ಲಿ ನಡೆಯಿತು. 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರಕಾರಕ್ಕೆ ಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪಿತವಾಯಿತು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿದ ಆಳ ಮುಟ್ಟಿತ್ತು. ಆಳ ಹೆಚ್ಚಿದಂತೆ ಬಿಸಿ, ಬಂಡೆಸಿಡಿತ, ನೀರೆತ್ತುವ ವೆಚ್ಚ ಎಲ್ಲವೂ ಹೆಚ್ಚಿದುವು. ಅದುರಿನಲ್ಲಿ ಚಿನ್ನದ ಅಂಶ ಮಾತ್ರ ಇಳಿಯಿತು. ನಷ್ಟ ಬೆಳೆದು 1992ರಲ್ಲಿ ಸಂಸ್ಥೆಯ ವಿಚಾರ ರುಗ್ಣ ಉದ್ಯಮಗಳ ಮಂಡಲಿಯ ಮುಂದೆ ಹೋಯಿತು. ಅಲ್ಲಿಂದ ಸುಮಾರು ಎಂಟು ವರ್ಷ ವಿಚಾರಣೆ ಸಾಗಿತು. 2001ರ ಫೆಬ್ರವರಿ ಕೊನೆಗೆ ಗಣಿಗಳು ಮುಚ್ಚಿದುವು.

ಆಸ್ತಿಯ ಮಾರಾಟದ ನಿರ್ಧಾರವಾದುದು ಅನಂತರ, 2006ರಲ್ಲಿ. ಜಾಗತಿಕ ಟೆಂಡರಿಗೆ ಸರ್ವೋಚ್ಚ ನ್ಯಾಯಾಲಯದ ಸಮ್ಮತಿ ದೊರೆತುದು 2013ರಲ್ಲಿ. ಈ ನಡುವೆ ಪಂಪುಗಳು ನಿಂತು ಸುರಂಗಗಳು ನೀರಿನಿಂದ ತುಂಬಿದುವು. ನಡೆಯುವ ಗಣಿಗೆ ಬೆಲೆಯುಂಟು. ಮುಳುಗಿದ ಗಣಿ ಆಸ್ತಿಯೋ ಹೊಣೆಯೋ ಹೇಳಲಾಗದು. ಮಾರಬಹುದಾಗಿದ್ದ ವಸ್ತು ಇದ್ದಿತೇ ಎಂದು ಕೇಳಿದರೆ, ಇದ್ದಿತು. ಎಲ್ಲರ ಕಣ್ಣೆದುರಿಗೇ ಇದ್ದಿತು. ಶತಮಾನದ ಗಣಿಗಾರಿಕೆಯಿಂದ ಉಳಿದ ಪುಡಿ ಬೆಟ್ಟವಾಗಿ ಬೆಳೆದು ‘ಸೈನೈಡ್ ದಿಬ್ಬ’ಗಳೆಂದು ಹೆಸರಾಗಿದೆ. ಸುಮಾರು ಮೂರು ಕೋಟಿ ಟನ್ನಿಗೂ ಹೆಚ್ಚಿರುವ ಈ ರಾಶಿಯಲ್ಲಿ ಅಲ್ಪಾಂಶದ ಚಿನ್ನ ಉಳಿದಿದೆ. ಇದನ್ನು ಮಾರಿದರೆ ಕೆಳಗಿನ ಪಟ್ಟೆಗೆ ಚ್ಯುತಿಯಿಲ್ಲ. ಜನರ ಮೇಲೆ ಬೀಸುವ ಧೂಳೂ ಕಡಿಮೆಯಾದೀತು. ಈ ದಿಬ್ಬಗಳ ಸಂಸ್ಕರಣಕ್ಕೆ ಕರ್ನಾಟಕ ಸರಕಾರದ ಸಮ್ಮತಿ ದೊರೆತುದು 2024ರಲ್ಲಿ. ಗಣಿಯನ್ನು ಉಳಿಸಲು ಅದರಿಂದ ಹಣ ಬರಬಹುದಾಗಿದ್ದ ಕಾಲ ಎಂದೋ ಕಳೆದಿತ್ತು. ತಲೆಮಾರುಗಳಿಂದ ಗಣಿಯಲ್ಲಿ ದುಡಿದವರ ಮಕ್ಕಳು ಈಗ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಇದಕ್ಕೆ ಪ್ರತಿಯಾಗಿ ರಾಯಚೂರು ಜಿಲ್ಲೆಯ ಹಟ್ಟಿಯನ್ನು ನೋಡಬಹುದು. ನಿಜಾಮರ ಸೀಮೆಯ ಆ ಗಣಿಯೂ 1920ರ ಸುಮಾರಿಗೆ ನಿಂತುಹೋಗಿತ್ತು. ಆದರೆ ನೆಲದ ಹಕ್ಕು ಚೂರುಚೂರಾಗಿ ಹಂಚಿಹೋಗಿರಲಿಲ್ಲ. 1947ರಲ್ಲಿ ಹೊಸ ಕಂಪೆನಿಯಾಗಿ ಮತ್ತೆ ತಲೆಯೆತ್ತಿ, ಇಂದಿಗೂ ಕರ್ನಾಟಕ ಸರಕಾರದ ಉದ್ಯಮವಾಗಿ ಚಿನ್ನ ಕೊಡುತ್ತಿದೆ.

ಹೀಗೆ ನೋಡಿದಾಗ, ಕಷ್ಟದಲ್ಲಿರುವ ಗಣಿಯು ಆಸ್ತಿಯನ್ನು ಮಾರಬಹುದೇ ಎಂಬ ಪ್ರಶ್ನೆಗೆ ‘ಹೌದು’ ‘ಇಲ್ಲ’ ಎಂಬ ಒಂದೇ ಮಾತಿನ ಉತ್ತರ ಸಲ್ಲದು. ನೆಲದ ಮೇಲೆ ಬಿದ್ದಿರುವುದನ್ನು ಮಾರಬಹುದು, ಬೇಗನೆ ಮಾರಬೇಕು. ಪರೀಕ್ಷಿಸದ ನೆಲವನ್ನು ಮಾತ್ರ ಬಡತನದ ದಿನದಲ್ಲಿ ಮಾರಬಾರದು, ಏಕೆಂದರೆ ಆ ದಿನ ಅದರ ಬೆಲೆ ಕಟ್ಟುವವನು ಕೊಳ್ಳುವವನೇ. ಪರೀಕ್ಷಿಸಿ ಬರಿದೆಂದು ತಿಳಿದ ಮೇಲೆ ಮುಚ್ಚುವುದೂ ಅಪಮಾನವಲ್ಲ. 1883ರಲ್ಲಿ ಲಂಡನ್ನಿನ ಪಾಲುದಾರರು 13,000 ಪೌಂಡು ಕೈಯಲ್ಲಿರುವಾಗಲೇ ನಿರ್ಣಯ ಕೈಗೊಂಡರು. ನಮ್ಮ ಕಾಲದವರು ಬೊಕ್ಕಸವೂ ಪಂಪೂ ನಿಂತ ಮೇಲೆ ನಿರ್ಣಯ ಕೈಗೊಂಡರು. ಕೋಲಾರದ ಆರಂಭಕ್ಕೂ ಅಂತ್ಯಕ್ಕೂ ನಡುವಣ ಅಂತರವೆಲ್ಲ ಇದರಲ್ಲಿ ಅಡಗಿದೆ.