ಎಂಜಿನ್ನಿನ ನಾಡಿ

ನೌಕರಿಯ ನಿಮಿತ್ತ ಊರು ಬಿಟ್ಟು ಬಂದ ನಮ್ಮವರಲ್ಲಿ ಅಂಬಾಸಡರ್ ಕಾರು ಹತ್ತದವರು ವಿರಳ. ದೆಹಲಿ ಸ್ಟೇಷನ್ನಿನಲ್ಲಿ ಇಳಿದು, ಹಾಸಿಗೆಯ ಸುರುಳಿ, ಟ್ರಂಕು, ಉಪ್ಪಿನಕಾಯಿ ಜಾಡಿಗಳನ್ನು ಟ್ಯಾಕ್ಸಿಗೆ ಏರಿಸಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಸ ಬಾಡಿಗೆ ಮನೆ ಸೇರಿದ ನೆನಪು ಎಷ್ಟೋ ಕುಟುಂಬಗಳಲ್ಲಿ ಇನ್ನೂ ಉಳಿದಿದೆ. 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಆದರೆ ಬಹಳ ವರ್ಷ ಅದರ ಬಾನೆಟ್ಟಿನ ಕೆಳಗೆ ದುಡಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿಗೆ ಇಂಗ್ಲೆಂಡಿನಲ್ಲಿ ಠೀವಿಯ ದಾಯಾದಿಗಳಿದ್ದರೆಂಬುದು ಎಲ್ಲರಿಗೂ ತಿಳಿದಿರಲಾರದು.

ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ಎಂ.ಜಿ. ಎಂಬ ಸ್ಪೋರ್ಟ್ಸ್ ಕಾರುಗಳು ತಯಾರಾಗುತ್ತಿದ್ದವು. 1955ರಲ್ಲಿ ಬಂದ ಎಂ.ಜಿ.ಎ. ಕಾರಿನಲ್ಲಿ ಇದ್ದದ್ದು ಇದೇ ವಂಶದ, ಇದೇ ಅಳತೆಯ ಎಂಜಿನ್. 1962ರಲ್ಲಿ ಅದನ್ನೇ 1798 ಸಿ.ಸಿ.ಗೆ ಹಿಗ್ಗಿಸಿ ಎಂ.ಜಿ.ಬಿ. ಕಾರಿಗೆ ಕೂರಿಸಿದರು. 1980ರಲ್ಲಿ ಆ ಕಾರ್ಖಾನೆ ಮುಚ್ಚುವ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಎಂ.ಜಿ.ಬಿ.ಗಳು ಹೊರಬಂದಿದ್ದವು. ಈ ಕಾರಿನ ಚಾಲಕನ ಕಣ್ಣೆದುರಿಗೆ ವೇಗ ತೋರಿಸುವ ಮುಳ್ಳಿನಷ್ಟೇ ಮಹತ್ವದ ಇನ್ನೊಂದು ಪುಟ್ಟ ಮುಳ್ಳು ಇತ್ತು. ಎಂಜಿನ್ನಿನೊಳಗಿನ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳು ಅದು. ಅದು ಅಲ್ಲಿಗೆ ಬಂದ ಕತೆಯನ್ನು ಈ ಸಲ ಓದುಗರೊಡನೆ ಹಂಚಿಕೊಳ್ಳಬೇಕೆನಿಸಿತು.

ಎತ್ತಿನ ಗಾಡಿಗೆ ಕೀಲೆಣ್ಣೆ ಹಚ್ಚುವುದನ್ನು ಬಾಲ್ಯದಲ್ಲಿ ನಾವು ನೋಡಿದ್ದೇವೆ. ಎಣ್ಣೆ ಬಿದ್ದರೆ ಗಾಲಿಯ ಕಿರುಗುಟ್ಟುವಿಕೆ ನಿಲ್ಲುತ್ತದೆ, ಅಷ್ಟು ಸಾಕು. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳಿಗೂ ಎಣ್ಣೆಯ ಬಗ್ಗೆ ಇದಕ್ಕಿಂತ ಬಹಳ ಹೆಚ್ಚು ತಿಳಿದಿರಲಿಲ್ಲ. ಅವರ ಕಣ್ಣು ತೆರೆಸಿದ್ದು ಒಂದು ಬಿರಡೆ.

ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಪರವಾಗಿ ಬೀಚಮ್ ಟವರ್ ಎಂಬಾತ ಬೇರಿಂಗುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದ. 1883ರಲ್ಲಿ ಅವನ ಮೊದಲ ವರದಿ ಹೊರಬಂತು. ತಿರುಗುವ ದಂಡದ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಹಿತ್ತಾಳೆಯ ಬೇರಿಂಗು ಕೂತಿತ್ತು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರೆ, ಒಳಗೆ ಇಳಿಯಬೇಕಾದ ಎಣ್ಣೆ ಮೇಲೆ ಉಕ್ಕಿ ಹರಿಯತೊಡಗಿತು! ಬಿರಡೆ ಹಾಕಿದರು, ಹೊರಗೆ ತಳ್ಳಿತು. ಮರದ ಗೂಟ ಬಡಿದರು, ಅದನ್ನೂ ತಳ್ಳಿತು. ಕೊನೆಗೆ ಒತ್ತಡಮಾಪಕ ಜೋಡಿಸಿ ನೋಡಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನು ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರವಾದರೋ ಸರಾಸರಿ 100 ಪೌಂಡು ಮಾತ್ರ.

ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್‌ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ವಿವರಣೆ ಕೊಟ್ಟ. ತಿರುಗುವ ದಂಡವು ಎಣ್ಣೆಯನ್ನು ತಾನೇ ಎಳೆದುಕೊಂಡು ಕಿರಿದಾಗುತ್ತ ಹೋಗುವ ಸಂದಿಗೆ ನುಗ್ಗಿಸುತ್ತದೆ. ಅಲ್ಲಿ ಹುಟ್ಟುವ ಒತ್ತಡವೇ ಭಾರವನ್ನು ಎತ್ತಿ ಹಿಡಿಯುತ್ತದೆ. ಅಂದರೆ ಸರಿಯಾಗಿ ನಡೆಯುವ ಎಂಜಿನ್ನಿನಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ, ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರವಿರುತ್ತದೆ. ಆ ಪದರ ಹರಿದರೆ ಬೇರಿಂಗು ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಪದರ ಉಳಿಯಬೇಕಾದರೆ ಎಣ್ಣೆ ಬಿಡುವಿಲ್ಲದೆ ಬರುತ್ತಿರಬೇಕು. 1890ರಲ್ಲಿ ಬರ್ಮಿಂಗ್‌ಹ್ಯಾಮಿನ ಬೆಲ್ಲಿಸ್ ಕಾರ್ಖಾನೆಯ ಆಲ್ಬರ್ಟ್ ಪೇನ್, ಹಬೆ ಎಂಜಿನ್ನಿನ ಬೇರಿಂಗುಗಳಿಗೆ ಪಂಪಿನಿಂದ ಎಣ್ಣೆ ಒತ್ತಿ ಕಳಿಸುವ ಕ್ರಮಕ್ಕೆ ಪೇಟೆಂಟು ಪಡೆದ. ಕಾರುಗಳಿಗೆ ಇದು ನಿಧಾನವಾಗಿ ಬಂತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಪಂಪೂ ಇರಲಿಲ್ಲ, ಗೇಜೂ ಇರಲಿಲ್ಲ. ಒಳಗೆ ಎಣ್ಣೆ ಎರಚಿಕೊಳ್ಳುತ್ತಿತ್ತು. ಎಣ್ಣೆ ಎಷ್ಟಿದೆಯೆಂದು ತಿಳಿಯಲು ಕಾರಿನಡಿ ತೂರಿ ಪುಟ್ಟ ನಲ್ಲಿ ತಿರುಗಿಸಿ ನೋಡಬೇಕಿತ್ತು. ವೇಗದ ಕಾರುಗಳಿಗೆ ಇದು ಸಾಲದಾಗಿ ಪಂಪು ಬಂತು, ಪಂಪಿನ ಹಿಂದೆ ಅದರ ಕೆಲಸ ತೋರಿಸುವ ಗೇಜೂ ಬಂತು.

ಗೇಜಿನ ಹುಟ್ಟಿನಲ್ಲೂ ಒಂದು ಅವಘಡವಿದೆ. ಪ್ಯಾರಿಸ್ಸಿನ ಯೂಜೀನ್ ಬೋರ್ಡನ್ ಹಬೆ ಯಂತ್ರಕ್ಕಾಗಿ ಸುರುಳಿ ಕೊಳವೆಯೊಂದನ್ನು ಮಾಡಿಸುತ್ತಿದ್ದಾಗ ಕೊಳವೆ ಚಪ್ಪಟೆಯಾಯಿತು. ಸರಿಪಡಿಸಲು ಒಂದು ತುದಿ ಮುಚ್ಚಿ ಇನ್ನೊಂದರಿಂದ ನೀರನ್ನು ಒತ್ತಿದಾಗ, ಕೊಳವೆ ಉಬ್ಬುತ್ತ ಸುರುಳಿಯೂ ಬಿಚ್ಚತೊಡಗಿತು. ಜಾತ್ರೆಯಲ್ಲಿ ಮಕ್ಕಳು ಊದಿದರೆ ಬಿಚ್ಚಿಕೊಳ್ಳುವ ಕಾಗದದ ಪೀಪಿಯಂತೆ! ಬಿಚ್ಚುವ ತುದಿಗೆ ಮುಳ್ಳು ಕಟ್ಟಿದರೆ ಒತ್ತಡಮಾಪಕವಾಗುತ್ತದೆಂದು ಕಂಡುಕೊಂಡ ಆತ 1849ರಲ್ಲಿ ಪೇಟೆಂಟು ಪಡೆದ. ಎಂಜಿನ್ನಿನಿಂದ ಸಣ್ಣ ಕೊಳವೆಯ ಮೂಲಕ ಎಣ್ಣೆಯನ್ನೇ ಬರಮಾಡಿಕೊಂಡು ಓದುವ ಹಳೆಯ ಎಂ.ಜಿ. ಗೇಜುಗಳೊಳಗೆ ಇರುವುದು ಇಂಥದೇ ಬಾಗಿದ ಕೊಳವೆ.

ಎಂ.ಜಿ.ಬಿ.ಯ ಕೈಪಿಡಿ ಹೇಳುವ ಲೆಕ್ಕ ಇಷ್ಟು: ಓಡುವಾಗ ಚದರ ಅಂಗುಲಕ್ಕೆ 50ರಿಂದ 80 ಪೌಂಡು, ನಿಂತಲ್ಲೇ ಎಂಜಿನ್ ಮೆಲ್ಲಗೆ ತಿರುಗುವಾಗ 10ರಿಂದ 25 ಪೌಂಡು. ಆದರೆ ಇದನ್ನು ಓದುವುದಕ್ಕೆ ಕ್ರಮವಿದೆ. ಮೊದಲು ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಬೇಕು, ಏಕೆಂದರೆ ಗೇಜು ತೋರಿಸುವುದು ಎಣ್ಣೆಯ ಒತ್ತಡವನ್ನೇ ಹೊರತು ಪ್ರಮಾಣವನ್ನಲ್ಲ. ತಣ್ಣಗಿರುವ ಎಣ್ಣೆ ಮಂದವಾದ್ದರಿಂದ ಮುಳ್ಳು ಎತ್ತರದಲ್ಲಿ ನಿಂತು ಸುಳ್ಳು ಧೈರ್ಯ ಕೊಡುತ್ತದೆ. ಇಪ್ಪತ್ತು ನಿಮಿಷ ಓಡಿಸಿ, ಎಣ್ಣೆ ಚೆನ್ನಾಗಿ ಕಾದ ಮೇಲೆ ಒಮ್ಮೆ ನಿಧಾನಗತಿಯಲ್ಲೂ, ಒಮ್ಮೆ ನಿಮಿಷಕ್ಕೆ ಸುಮಾರು 3000 ಸುತ್ತುಗಳಲ್ಲೂ ನೋಡಿ ಬರೆದಿಟ್ಟುಕೊಳ್ಳಬೇಕು. ಬೇರಿಂಗುಗಳು ಸವೆದಷ್ಟೂ ಸಂದಿ ಹಿಗ್ಗುತ್ತದೆ, ಎಣ್ಣೆ ಸುಲಭವಾಗಿ ಸೋರುತ್ತದೆ, ಒತ್ತಡ ಇಳಿಯುತ್ತದೆ. ಹೀಗಾಗಿ ಒಂದು ದಿನದ ಅಂಕಿಗಿಂತ ತಿಂಗಳುಗಳ ಅಂಕಿಗಳೇ ಹೆಚ್ಚು ಮಾತಾಡುತ್ತವೆ.

ನಮ್ಮ ಪರಿಚಿತರೊಬ್ಬರಿಗೆ ಮಾವನವರಿಂದ ಇಂಥ ಒಂದು ಹಳೆಯ ಕಾರು ಬಂದಿತ್ತು. ಒಂದು ದಿನ ಮುಳ್ಳು ಸೊನ್ನೆಯ ಬಳಿಗೆ ಕುಸಿಯಿತು. ಗ್ಯಾರೇಜಿನವರು ನೋಡಿದೊಡನೆ ಎಂಜಿನ್ ಬಿಚ್ಚಬೇಕೆಂದರು. ಖರ್ಚು ಕೇಳಿ ಗಾಬರಿಯಾಗಿ ಅವರು ಕಾರನ್ನು ಗುಜರಿಗೆ ಕೊಡುವ ಮಾತಾಡಿದಾಗ ಮನೆಯಾಕೆ ಕಣ್ಣೀರು ಹಾಕಿದರು. ಅದು ಅವರ ತಂದೆಯ ಕೈ ಪಳಗಿದ ಕಾರು. ಅಷ್ಟರಲ್ಲಿ ನಿವೃತ್ತ ಮೆಕ್ಯಾನಿಕ್ ಒಬ್ಬರು ಬಂದು, ತಮ್ಮ ಬಳಿಯಿದ್ದ ಬೇರೆ ಗೇಜೊಂದನ್ನು ನೇರವಾಗಿ ಎಂಜಿನ್ನಿಗೆ ಜೋಡಿಸಿದರು. ಒತ್ತಡ 60 ಪೌಂಡು! ಕೆಟ್ಟಿದ್ದದ್ದು ಎಂಜಿನ್ ಅಲ್ಲ, ಹಳೆಯ ಗೇಜು. "ಮುಳ್ಳನ್ನು ನಂಬಿ, ಆದರೆ ಮುಳ್ಳನ್ನೂ ಒಮ್ಮೆ ಪರೀಕ್ಷಿಸಿ" ಎಂದರು ಆ ಹಿರಿಯರು.

ಇದನ್ನು ತಪ್ಪಾಗಿ ತಿಳಿಯಬಾರದು. ಮುಳ್ಳು ಬಿದ್ದಾಗ ಗೇಜನ್ನು ಬೈದು ಮುಂದೆ ಓಡಿಸಿದವರ ಎಂಜಿನ್ನುಗಳೂ ಗುಜರಿ ಸೇರಿವೆ. ಮೊದಲು ಎಂಜಿನ್ ಆರಿಸಬೇಕು, ಸಂಶಯ ಪಡುವುದು ಆಮೇಲೆ. ಎಣ್ಣೆಯ ಮಟ್ಟ, ಅದರಲ್ಲಿ ಪೆಟ್ರೋಲಿನ ವಾಸನೆ, ಸೋರುವ ಕೊಳವೆ, ಬೇರೆ ಗೇಜಿನ ಸಾಕ್ಷಿ, ಒತ್ತಡ ಮಿತಿಮೀರದಂತೆ ಕಾಯುವ ಕವಾಟದಲ್ಲಿ ಸಿಕ್ಕಿಕೊಂಡ ಕಸ, ಇಷ್ಟನ್ನೂ ನೋಡಿದ ಮೇಲೆಯೇ ಬೇರಿಂಗಿನ ಮಾತು.

ಮುಂದೆ ಸಾಮಾನ್ಯ ಕಾರುಗಳಲ್ಲಿ ಈ ಗೇಜಿನ ಜಾಗಕ್ಕೆ ಒಂದು ಕೆಂಪು ದೀಪ ಬಂತು. ಒತ್ತಡ ತೀರ ಕುಸಿದಾಗ ಮಾತ್ರ ಅದು ಹೊತ್ತುತ್ತದೆ. ದೀಪ ಅಪಾಯವನ್ನು ಸಾರುತ್ತದೆ, ಮುಳ್ಳು ಅದು ಇನ್ನೂ ದೂರದಲ್ಲಿರುವಾಗಲೇ ಪಿಸುಗುಡುತ್ತದೆ. ಮನೆಯಲ್ಲಿ ತಂದೆಯದೋ ತಾತನದೋ ಹಳೆಯ ವಾಹನವಿದ್ದು ಅದಕ್ಕೆ ಇನ್ನೂ ಗೇಜು ಇದ್ದರೆ, ಬರುವ ಭಾನುವಾರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮುಳ್ಳನ್ನು ತೋರಿಸಿ. ಟವರನ ಬಿರಡೆಯ ಕತೆಯನ್ನೂ ಹೇಳಿ.