ಮೂಲೆಯಲ್ಲೊಂದು ಪುಟ್ಟ ಕುರ್ಚಿ

ಪಕ್ಕದ ಮಗುವನ್ನು ಕಚ್ಚುವ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುವ ನಾಲ್ಕು ವರ್ಷದ ಪೋರನನ್ನು ಏನು ಮಾಡಬೇಕು? ‘ದಂಡಂ ದಶಗುಣಂ’ ಎಂದು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟಿದ್ದರು. ಯುರೋಪಿನ ಶಾಲೆಗಳಲ್ಲೂ ಬೆತ್ತಕ್ಕೇನೂ ಬರವಿರಲಿಲ್ಲ. ಅಂಥ ಕಾಲದಲ್ಲಿ, 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಒಂದು ಶಿಶುವಿಹಾರ ಆರಂಭವಾಯಿತು.

ಅದಕ್ಕೆ ಮುಂದಾದವರು ವಠಾರದ ಮಾಲೀಕರು. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮೂರರಿಂದ ಏಳು ವರ್ಷದೊಳಗಿನ ಮಕ್ಕಳು ಹೊಸದಾಗಿ ದುರಸ್ತಿ ಮಾಡಿದ ಮನೆಗಳ ಗೋಡೆ, ಮೆಟ್ಟಿಲುಗಳನ್ನು ಹಾಳುಗೆಡವುತ್ತಿದ್ದರು. ಆ ರಿಪೇರಿಯ ಖರ್ಚಿನಲ್ಲೇ ಮಕ್ಕಳನ್ನು ಒಂದು ಕೋಣೆಯಲ್ಲಿ ನೋಡಿಕೊಳ್ಳಬಹುದಲ್ಲ ಎಂಬುದು ಮಾಲೀಕರ ಲೆಕ್ಕ. (ಸತ್ಕಾರ್ಯಗಳ ಹಿಂದೆ ಇಂಥ ಲೆಕ್ಕಗಳಿರುವುದು ಹೊಸತೇನಲ್ಲ.) ಹೊಣೆ ಹೊತ್ತವರು ವೈದ್ಯೆ ಮರಿಯಾ ಮಾಂಟೆಸ್ಸೊರಿ.

ಎಷ್ಟು ಹೇಳಿದರೂ ತಿದ್ದಿಕೊಳ್ಳದ ಮಕ್ಕಳನ್ನು ಹೊರಗೆ ಕಳಿಸಬಹುದೆಂಬ ನಿಯಮವೂ ಅಲ್ಲಿತ್ತು. ಆದರೆ ಮಾಂಟೆಸ್ಸೊರಿ ತಮ್ಮ ಪುಸ್ತಕದಲ್ಲಿ ವಿವರಿಸಿರುವ ಕ್ರಮವೇ ಬೇರೆ. ಉಳಿದವರಿಗೆ ಕಾಟ ಕೊಡುವ ಮಗುವನ್ನು ಮೊದಲು ವೈದ್ಯರು ಪರೀಕ್ಷಿಸುತ್ತಿದ್ದರು. ತೊಂದರೆಯೇನಿಲ್ಲ ಎಂದಾದರೆ ಕೋಣೆಯ ಮೂಲೆಯಲ್ಲಿ ಪುಟ್ಟ ಮೇಜು, ಹಾಯಾಗಿ ಕೂರುವಂಥ ಕುರ್ಚಿ ಹಾಕಿ ಅದನ್ನು ಒಂಟಿಯಾಗಿ ಕೂರಿಸುತ್ತಿದ್ದರು. ಕೆಲಸದಲ್ಲಿ ಮುಳುಗಿದ ಗೆಳೆಯರೆಲ್ಲ ಅಲ್ಲಿಂದ ಚೆನ್ನಾಗಿ ಕಾಣಬೇಕು. ಇಷ್ಟದ ಆಟಿಕೆಗಳೂ ಕೈಯಲ್ಲಿರಬೇಕು! ಮಾಂಟೆಸ್ಸೊರಿ ಕೋಣೆಗೆ ಬಂದರೆ ನೇರ ಆ ಮಗುವಿನ ಬಳಿಗೇ ಹೋಗಿ, ಕಾಯಿಲೆ ಬಿದ್ದವರನ್ನು ವಿಚಾರಿಸುವಂತೆ ಮೈದಡವುತ್ತಿದ್ದರು. ಒಂಟಿಯಾಗಿರುವುದಕ್ಕಿಂತ ಗುಂಪಿನಲ್ಲಿರುವುದೇ ಲೇಸೆಂದು ಮಗುವಿಗೆ ಮೆಲ್ಲಗೆ ಹೊಳೆಯುತ್ತಿತ್ತಂತೆ.

ಹಾಗೆಂದು ಅವರು ಎಲ್ಲವನ್ನೂ ಸಹಿಸಿಕೊಂಡವರಲ್ಲ. ಇನ್ನೊಬ್ಬರನ್ನು ನೋಯಿಸುವ ನಡತೆಯನ್ನು ತಡೆಯಲೇಬೇಕು ಎಂದು ಸ್ಪಷ್ಟವಾಗಿಯೇ ಬರೆದರು.

1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸ್ಸೊರಿ ಮಹಾಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಹೆಸರು ನಮ್ಮ ಊರುಗಳ ಶಾಲಾ ಫಲಕಗಳಿಗೂ ಏರಿತು.

ಇತ್ತ 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ‘ಟೈಮ್ ಔಟ್’ ಎಂಬ ಹೆಸರಿನಲ್ಲಿ ಇಂಥದೇ ಒಂದು ಮೂಲೆಯನ್ನು ಬಳಕೆಗೆ ತಂದರು. ಅದರ ತರ್ಕ ಮಾತ್ರ ತಿರುಗುಮುರುಗು. ಮಗು ಹೊಡೆದಾಗ ದೊಡ್ಡವರು ಓಡಿಬಂದು ಗದರುವುದೂ ಅದರ ಪಾಲಿಗೆ ಬಹುಮಾನವೇ ಆಗಬಹುದು. ಆದ್ದರಿಂದ ಕೆಲವೇ ನಿಮಿಷ ಆಟವೂ ಬೇಡ, ಮಾತೂ ಬೇಡ ಎಂಬುದು ಇದರ ಸಾರ. ಹದವರಿತು ಬಳಸಿದರೆ ಫಲ ಸಿಗುವುದೂ ನಿಜ. ಆದರೆ ಸಿಟ್ಟು ನೆತ್ತಿಗೇರಿದಾಗ ನಿಮಿಷಗಳನ್ನು ಗಡಿಯಾರ ನೋಡಿ ಎಣಿಸುವವರು ಎಷ್ಟು ಮಂದಿ? ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ಮಗುವಿನ ಮುಖ ಗೋಡೆಯತ್ತ ತಿರುಗುತ್ತದೆ.