ಬಯಲಿನ ಸಂಗೀತ, ಹತ್ತು ಗಂಟೆಗೆ ಮಂಗಳ

ರೋಣದಲ್ಲಿ 1922ರ ಫೆಬ್ರುವರಿ 4ರಂದು ಹುಟ್ಟಿದ ಜೋಶಿ ಮಾಸ್ತರರ ಮಗನಿಗೆ ಒಂದು ಚಟವಿತ್ತು. ಬೀದಿಯಲ್ಲಿ ಭಜನೆಯೋ ಬಾಜಾಬಜಂತ್ರಿಯೋ ಹೊರಟರೆ ಹುಡುಗ ಅದರ ಬೆನ್ನು ಹತ್ತುತ್ತಿದ್ದ. ದಣಿವಾದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಗುರುರಾಜ ಜೋಶಿಯವರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಆಮೇಲೆ ಕಂಡವರೇ ಅವನನ್ನು ಮನೆಗೆ ಮುಟ್ಟಿಸತೊಡಗಿದರು. ಬಯಲಲ್ಲಿ ಸಂಗೀತ ಕೇಳುತ್ತ ನಿದ್ದೆಹೋಗುತ್ತಿದ್ದ ಆ ಹುಡುಗನೇ ಭೀಮಸೇನ ಜೋಶಿ. ಮುಂದೆ ಅವರು ಸಾವಿರಾರು ಜನರನ್ನು ಬಯಲಲ್ಲೇ ಬೆಳತನಕ ಎಚ್ಚರವಾಗಿ ಕೂಡಿಸಿದರು.

ಕಾಲಕಾಲೇಶ್ವರನ ಬೆಟ್ಟ, ಕೋಟೆ ಮತ್ತು ಕೈಮಗ್ಗದ ಸೀರೆಗಳಿಗೆ ಹೆಸರಾದ ಗಜೇಂದ್ರಗಡ ತೀರ ಇತ್ತೀಚಿನವರೆಗೆ ಇದೇ ರೋಣ ತಾಲೂಕಿಗೆ ಸೇರಿತ್ತು. ಈ ಸೀಮೆಯ ಜನರಿಗೆ ಆಕಾಶವೇ ಚಪ್ಪರವಾಗಿ ಹಾಡು ಕೇಳುವುದು ಹೊಸದಲ್ಲ. ಜಾತ್ರೆ ಬಂತೆಂದರೆ ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ, ಸರದಿಯ ಮೇಲೆ ಭಜನಾ ಮೇಳ. ಕಂಬಳಿ ಹೊದ್ದು ಕುಳಿತವರು ಆಟ ಎಷ್ಟು ಗಂಟೆಗೆ ಮುಗಿಯುತ್ತದೆಂದು ಕೇಳುತ್ತಿರಲಿಲ್ಲ. ಮೂಡಣ ಕೆಂಪಾದಾಗ ಮಂಗಳಾರತಿ, ಅಷ್ಟೇ.

ಶಾಸ್ತ್ರೀಯ ಸಂಗೀತಕ್ಕೂ ಇಂಥದೇ ಒಂದು ರಾತ್ರಿ ಸಿಕ್ಕಿದ್ದು ಹುಬ್ಬಳ್ಳಿಯ ಹತ್ತಿರದ ಕುಂದಗೋಳದಲ್ಲಿ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮೈಸೂರು ದರ್ಬಾರಿಗೆ ಹೋಗಿಬರುವಾಗ ಇಲ್ಲಿಯ ನಾಡಿಗೇರ ವಾಡೆಯಲ್ಲಿ ತಂಗುತ್ತಿದ್ದರು. ಊರಿನ ಹುಡುಗ ರಾಮಭಾವು ಅವರ ಶಿಷ್ಯನಾಗಿ, ಮರಾಠಿ ರಂಗಭೂಮಿಯಲ್ಲಿ ಮೆರೆದು ‘ಸವಾಯಿ ಗಂಧರ್ವ’ ಎನಿಸಿಕೊಂಡರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಅವರ ಬಳಿ ಪಾಠಕ್ಕೆ ಬರುತ್ತಿದ್ದರು. ಭೀಮಸೇನರ ಹಾದಿ ಸುತ್ತುಬಳಸಿನದು. ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟು ಗ್ವಾಲಿಯರ್, ಜಲಂಧರ ಅಲೆದ ಹುಡುಗನಿಗೆ ಕೊನೆಗೆ ಗುರು ದೊರೆತದ್ದು ತನ್ನೂರಿನ ಮಗ್ಗುಲಲ್ಲೇ, 1936ರಲ್ಲಿ.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಅವರ ಪುಣ್ಯತಿಥಿಯ ನೆಪದಲ್ಲಿ ಕುಂದಗೋಳದ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆದುಬಂತು. ಪುಣೆಯಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳ 1953ರಲ್ಲಿ ಉತ್ಸವ ಆರಂಭಿಸಿತು. ಅದರ ಬೆನ್ನೆಲುಬಾಗಿ ನಿಂತವರು ಭೀಮಸೇನರು. ಒಂದೇ ಗುರುವಿನ ಹೆಸರಿನ ಎರಡು ಉತ್ಸವಗಳಾದರೂ ಸ್ವರೂಪ ಬೇರೆ. ವಾಡೆಯದು ಮನೆಯಂಗಳದ ಬೈಠಕ್. ಗಾಯಕರ ಉಸಿರು ಕೂಡ ಕೇಳಿಸುವ ಅಂತರ. ಪುಣೆಯದು ಶಾಲೆಯ ಮೈದಾನ, ಪೆಂಡಾಲು, ಸಾವಿರಗಟ್ಟಲೆ ಜನ. ಬಹಳ ವರ್ಷ ಅದು ನಡೆದದ್ದು ರಮಣಬಾಗ್ ಶಾಲೆಯ ಮೈದಾನದಲ್ಲಿ, 2018ರಿಂದ ಮುಕುಂದನಗರದಲ್ಲಿ.

ಈ ಬದಲಾವಣೆಯನ್ನು ತಂದದ್ದು ಯಾವ ಘರಾಣೆಯೂ ಅಲ್ಲ, ಧ್ವನಿವರ್ಧಕ. ಮೈಕು ಇಲ್ಲದಿದ್ದರೆ ತಂಬೂರಿಯ ಝೇಂಕಾರ ಹತ್ತನೆಯ ಸಾಲಿಗೂ ತಲುಪದು. ಒಂದು ಕಾಲಕ್ಕೆ ರಾಜರ, ಜಹಗೀರದಾರರ ದಿವಾನಖಾನೆಯಲ್ಲಿದ್ದ ಖಯಾಲನ್ನು ಗುಮಾಸ್ತ, ಮಾಸ್ತರ, ಕಾಲೇಜು ಹುಡುಗರು ಚಾಪೆಯ ಮೇಲೆ ಕುಳಿತು ಕೇಳುವಂತಾದದ್ದು ಆ ತುತ್ತೂರಿಯ ಉಪಕಾರ. ಇದನ್ನು ಸಂಗೀತದ ಇತಿಹಾಸ ಬರೆಯುವವರು ಅಷ್ಟಾಗಿ ನೆನೆಯುವುದಿಲ್ಲ.

ಬಯಲಿಗೆ ಬಂದ ಈ ಸಂಗೀತಕ್ಕೆ ರಾತ್ರಿಯಿಡೀ ಏಕೆ ಬೇಕಿತ್ತು? ಹಿಂದುಸ್ತಾನಿ ಪದ್ಧತಿಯಲ್ಲಿ ಹಗಲು ರಾತ್ರಿಗಳನ್ನು ಮೂರು ಮೂರು ಗಂಟೆಯ ಎಂಟು ಪ್ರಹರಗಳಾಗಿ ವಿಂಗಡಿಸಿ, ರಾಗಗಳಿಗೆ ಅದರಲ್ಲಿ ವೇಳೆ ಗೊತ್ತುಮಾಡಿದ್ದಾರೆ. (ಕರ್ನಾಟಕ ಪದ್ಧತಿಯ ಕಛೇರಿಗಳಲ್ಲಿ ಈ ಕಟ್ಟು ಇಷ್ಟು ಬಿಗಿಯಾಗಿಲ್ಲ.) ಸಂಜೆ ಯಮನ, ರಾತ್ರಿ ಏರಿದಂತೆ ಬಿಹಾಗ, ನಡುರಾತ್ರಿಯ ಆಚೀಚೆ ಮಾಲಕಂಸ, ದರ್ಬಾರಿ. ನಸುಕಿಗೆ ಲಲಿತ, ಬೆಳಕು ಹರಿದ ಮೇಲೆ ತೋಡಿ. ಅಹೋರಾತ್ರಿ ಉತ್ಸವದಲ್ಲಿ ಇವೆಲ್ಲ ತಂತಮ್ಮ ಹೊತ್ತಿಗೆ ತಾವೇ ಬರುತ್ತಿದ್ದವು. ಪುಣೆಯಲ್ಲಿ ಕೊನೆಯ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಭೀಮಸೇನರು ವೇದಿಕೆಗೆ ಬರುತ್ತಿದ್ದರು. ಡಿಸೆಂಬರ್ ಚಳಿಯಲ್ಲಿ ಶಾಲು ಸುತ್ತಿಕೊಂಡು ಜನ ಅದಕ್ಕಾಗಿ ಕಾಯುತ್ತಿದ್ದರು.

ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನೇ ಗಟ್ಟಿಮಾಡಿತು. ಕಾನೂನನ್ನು ಹಳಿಯುವಂತಿಲ್ಲ. ರೋಗಿಗಳಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ನಿದ್ದೆ ಬೇಕು; ಹಾದಿಬೀದಿಯ ಕರ್ಕಶ ಹಾಡಿಗೂ ದರ್ಬಾರಿಯ ಆಲಾಪಕ್ಕೂ ಪೊಲೀಸರು ಬೇರೆ ಬೇರೆ ಅಳತೆಗೋಲು ಹಿಡಿಯಲಾರರು. ಆದರೆ ಸಂಗೀತವನ್ನು ಬಯಲಿಗೆ ತಂದ ಮೈಕೇ ಅದರ ರಾತ್ರಿಯನ್ನು ಕಸಿದುಕೊಂಡಿತೆಂಬುದೂ ಸುಳ್ಳಲ್ಲ.

ರಾತ್ರಿ ಕಳೆದುಕೊಂಡ ಉತ್ಸವ ಹಗಲಿನ ಕಡೆಗೆ ಹಿಗ್ಗಿತು. ಮೂರು ರಾತ್ರಿಗಳದ್ದು ಈಗ ಐದು ದಿನಗಳದ್ದು. ಭೀಮಸೇನರು 2011ರ ಜನವರಿ 24ರಂದು ಅಗಲಿದ ಮೇಲೆ ಗುರುವಿನ ಹೆಸರಿನ ಜೊತೆ ಶಿಷ್ಯನ ಹೆಸರೂ ಸೇರಿತು. ಗದುಗಿನ ಕಡೆಯಿಂದ ರಾತ್ರಿ ಬಸ್ಸಿಗೋ ರೈಲಿಗೋ ಹೋದವರು ಮಧ್ಯಾಹ್ನವೇ ಚಾಪೆಯ ಮೇಲೆ ಜಾಗ ಹಿಡಿಯುತ್ತಾರೆ. ಮೊದಲಿಗೆ ಹೊಸಬರ ಸರದಿ. ಪೆಂಡಾಲು ಇನ್ನೂ ಅರ್ಧ ಖಾಲಿ. ಆಗ ಸಿಗುವುದು ಭೀಮಪಲಾಸಿ, ಪಟದೀಪ, ಬಿಸಿಲು ಇಳಿದಂತೆ ಮುಲ್ತಾನಿ. ಸಂಜೆಯ ಕಛೇರಿಗಳೇ ರೂಢಿಯಾಗಿ ಈ ಅಪರಾಹ್ನದ ರಾಗಗಳು ಬಹುಮಟ್ಟಿಗೆ ಧ್ವನಿಮುದ್ರಿಕೆಯಲ್ಲೇ ಉಳಿಯುವಂತಾಗಿತ್ತು. ಹೊತ್ತು ಮುಳುಗುವಾಗ ಪಂಚಮವೇ ಇಲ್ಲದ ಮಾರವಾ ಹಾಡಿದರಂತೂ ನೆಲೆ ತಪ್ಪಿದಂಥ ಕಳವಳ ಚಪ್ಪರವನ್ನೆಲ್ಲ ತುಂಬುತ್ತದೆ. ದೀಪ ಹಾಕಿದ ಮುಚ್ಚಿದ ಸಭಾಂಗಣದಲ್ಲಿ ಅದು ಹೀಗೆ ತಟ್ಟುವುದಿಲ್ಲ. ಒಂದು ವಾದ್ಯ ಇಳಿದು ಇನ್ನೊಂದು ಶ್ರುತಿಯಾಗುವ ಬಿಡುವಿನಲ್ಲಿ ಚಹಾ, ಬಟಾಟೆ ವಡೆ, ‘ಅಂದು ಅಣ್ಣಾ ಹಾಡಿದ ತೋಡಿ ಕೇಳಬೇಕಿತ್ತು’ ಎಂಬ ಹಿರಿಯರ ಮಾತು. ಭೀಮಸೇನರು ಅಲ್ಲಿಯವರಿಗೆ ಇಂದಿಗೂ ಅಣ್ಣಾ.

ಹಿರಿಯ ಕಲಾವಿದರು ಬರುವ ಹೊತ್ತಿಗೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ವಿಲಂಬಿತದಲ್ಲಿ ರಾಗವನ್ನು ಸ್ವರ ಸ್ವರವಾಗಿ ಬಿಡಿಸುವುದು ಕಿರಾಣಾದವರ ಹೆಗ್ಗಳಿಕೆ. ಅವಸರ ಅದಕ್ಕೆ ಒಗ್ಗುವುದಿಲ್ಲ. ಆದರೂ ಹೆಚ್ಚಿನ ದಿನಗಳಲ್ಲಿ ಹತ್ತರೊಳಗೆ ಮುಗಿಸಲೇಬೇಕು.

ಕೊನೆಯ ದಿನ ಎಲ್ಲರೂ ಹಾಡಿದ ಮೇಲೆ ವೇದಿಕೆಯಿಂದ ಸವಾಯಿ ಗಂಧರ್ವರ ಹಳೆಯ ಭೈರವಿಯ ಧ್ವನಿಮುದ್ರಣ ಕೇಳಿಸುತ್ತಾರೆ. ಭೈರವಿ ಬೆಳಗಿನ ರಾಗ. ಮುಕ್ತಾಯಕ್ಕೆ ಯಾವ ಹೊತ್ತಿನಲ್ಲೂ ಹಾಡುವ ರೂಢಿ ಇದೆ. ಹಿಂದೆ ಅದು ಮುಗಿಯುವಾಗ ನಿಜಕ್ಕೂ ಬೆಳಗಾಗಿರುತ್ತಿತ್ತು. ಈಗ ಚಾಪೆ ಮಡಚಿಕೊಂಡು ಗದುಗಿನ ಬಸ್ಸು ಹುಡುಕುತ್ತ ಹೊರಬರುವಾಗ ದರ್ಬಾರಿಯ ಹೊತ್ತು ಇನ್ನೂ ಆಗಿರುವುದಿಲ್ಲ.